ಒನಕೆಯ ತೂಕ

ನಿತ್ಯೋಪಯೋಗಿ ವಸ್ತುವೊಂದರ ಸೊಬಗು ಅದರ ಬಳಕೆಯಲ್ಲಿದೆಯೋ, ಅದನ್ನು ಕುರಿತ ನೆನಪಿನಲ್ಲಿದೆಯೋ ಎಂಬ ಪ್ರಶ್ನೆಯನ್ನು ವಿಚಾರಿಸಲು ಚಿತ್ರದುರ್ಗಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಬೇರೆ ಕೋಟೆಗಳ ಕೀರ್ತಿಗೆ ಖಡ್ಗವೋ ಕಿರೀಟವೋ ಗುರುತಾದರೆ, ಈ ಕೋಟೆಯ ಕೀರ್ತಿಗೆ ಮನೆಯೊಳಗಣ ಒನಕೆಯೇ ಗುರುತು. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಕಾವಲುಗಾರನ ಮಡದಿ ಓಬವ್ವ, ಕಿಂಡಿಯಲ್ಲಿ ನುಸುಳಿ ಬಂದ ಸೈನಿಕರನ್ನು ಒನಕೆಯಿಂದ ಎದುರಿಸಿದ ಕಥೆ ಈ ಸೀಮೆಯ ಮಕ್ಕಳಿಗೆಲ್ಲ ಪರಿಚಿತವಾದುದು.

ಆ ಕಥೆ ಜನಮನದಲ್ಲಿ ಇಂದಿನ ರೂಪ ತಾಳಿದ್ದು 1972ರಲ್ಲಿ. ತ.ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡರು. ವಿಜಯಭಾಸ್ಕರರ ಸಂಗೀತಕ್ಕೆ ಪಿ.ಬಿ. ಶ್ರೀನಿವಾಸರ ಕಂಠ ಕೂಡಿತು. ಕೆಲವೇ ನಿಮಿಷಗಳ ಆ ಗೀತೆ ಒಂದು ಐತಿಹ್ಯವನ್ನು ನಾಡಿನ ಮನೆಮನೆಗೆ ಮುಟ್ಟಿಸಿತೆಂಬುದು ನಿರ್ವಿವಾದ. 2018ರಲ್ಲಿ ಚಿತ್ರವು ನವೀಕೃತ ರೂಪದಲ್ಲಿ ಮತ್ತೆ ತೆರೆಗೆ ಬಂದದ್ದೂ ಆ ನೆನಪಿನ ಬಲಕ್ಕೆ ಸಾಕ್ಷಿ. ಆ ಕಾಲದ ಭಿತ್ತಿಪತ್ರ, ಗ್ರಾಮಫೋನ್ ತಟ್ಟೆ, ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಇವೆಲ್ಲ ಇಂದು ಸಂಗ್ರಾಹಕರು ಹುಡುಕಿ ಕೊಳ್ಳುವ ಸರಕುಗಳಾಗಿವೆ.

ಆದರೆ ಈ ನೆನಪಿನಲ್ಲಿ ಒಂದು ಲೋಪವಿದೆ. ಪ್ರತಿಮೆ, ಕ್ಯಾಲೆಂಡರು, ಶಾಲೆಯ ವೇಷಭೂಷಣ ಸ್ಪರ್ಧೆ ಎಲ್ಲೆಡೆಯೂ ಕಾಣುವುದು ಮೇಲೆತ್ತಿದ ಒನಕೆ ಮಾತ್ರ. ಒರಳಿಗೆ ಇಳಿಯುವ ಒನಕೆಯಲ್ಲ. ಗಟ್ಟಿಮರದ ನೀಳವಾದ ದಂಡ, ಹಿಡಿಗೆ ಒಗ್ಗುವ ದುಂಡು, ತುದಿಗೆ ಕಬ್ಬಿಣದ ಬಳೆ, ತೋಳಿನ ಬಲಕ್ಕಿಂತ ಹೆಚ್ಚಾಗಿ ತನ್ನ ಭಾರದಿಂದಲೇ ಕೆಲಸ ಮಾಡುವ ಸಮತೋಲ: ಇವನ್ನು ರೂಪಿಸಿದ್ದು ಭತ್ತವೇ ಹೊರತು ಯುದ್ಧವಲ್ಲ. ವೇಷದ ಮಗುವಿನ ಕೈಯಲ್ಲಿರುವ ಹಗುರಾದ ಒನಕೆಯಲ್ಲಿ ಆಕಾರ ಉಳಿದು ತೂಕ ಕಳೆದುಹೋಗಿದೆ. ತೂಕದೊಡನೆ, ದಿನವೂ ಅದನ್ನು ಎತ್ತಿ ಇಳಿಸಿದ ಹೆಂಗಸರ ರಟ್ಟೆಯ ನೋವೂ ಮರೆಯಾಗಿದೆ.

ವಸ್ತುವನ್ನು ನೋಡುವ ಸರಿಯಾದ ಕ್ರಮಕ್ಕೆ ಹೊರಗಿನವರೊಬ್ಬರ ನಿದರ್ಶನ ಉಪಯುಕ್ತ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಸಲ್ಲಿಸಿದ ವರದಿಯಲ್ಲಿ, ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಸಾಧಾರಣ ತಂಬಿಗೆಗೆ ಅಗ್ರಸ್ಥಾನವಿತ್ತರು. ಎಷ್ಟು ನೀರು ಹಿಡಿಯುತ್ತದೆ, ತುಂಬಿದಾಗ ಹೇಗೆ ನಿಲ್ಲುತ್ತದೆ, ಸೊಂಟಕ್ಕೂ ತಲೆಗೂ ಹೇಗೆ ಹೊಂದುತ್ತದೆ ಎಂದು ಅವರು ಕೇಳುತ್ತ ಹೋದರು. ಅವರ ಮೆಚ್ಚುಗೆ ಹಳಮೆಗೆ ಸಂದದ್ದಲ್ಲ, ಬಳಕೆಗೆ ಸಂದದ್ದು. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಆ ವರದಿಯೇ ತಳಹದಿ.

ಶ್ರಾವಕಾಚಾರದ ವ್ಯಾಖ್ಯಾನಕಾರರ ಪ್ರಶ್ನೆಗಳು ಇನ್ನೂ ಆಳವಾದವು. ಕುಟ್ಟುವುದು, ಬೀಸುವುದು, ಒಲೆ, ನೀರಿನ ಕೊಡ, ಪೊರಕೆ ಈ ಐದನ್ನೂ ಅವರು ‘ಪಂಚಸೂನಾ’ ಎಂದು, ಅರಿವಿಲ್ಲದೆ ಜೀವಹಾನಿ ನಡೆಯುವ ಎಡೆಗಳೆಂದು ಎಣಿಸಿದರು. ಹಳೆಯ ಅಡುಗೆಮನೆ ನಿಷ್ಕಲ್ಮಷ ಲೋಕವಾಗಿತ್ತೆಂಬ ಭ್ರಮೆಗೆ ಅಲ್ಲಿ ಎಡೆಯಿಲ್ಲ. ಒಮ್ಮೆ ಬಳಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ ಎಂದು ವಿಂಗಡಿಸಿ, ಎರಡಕ್ಕೂ ಮಿತಿ ಇಟ್ಟುಕೊಳ್ಳಲು ಸಮಂತಭದ್ರಾಚಾರ್ಯರು ವಿಧಿಸಿದರು. ಸೊಗಸಾದ ತಂಬಿಗೆಯಲ್ಲಿ ನೀರು ಕುಡಿದು ಸಂತೋಷಪಡುವುದು ಉಪಭೋಗವೇ; ಮಿತಿಯಲ್ಲಿದ್ದರೆ ದೋಷವೆನ್ನಲಾಗದು. ಆದರೆ ಬಳಸದೆ, ಇನ್ನೊಬ್ಬರಿಗೂ ಕೊಡದೆ, ಗಾಜಿನ ಕಪಾಟಿನಲ್ಲಿ ಕೂಡಿಟ್ಟ ಇಪ್ಪತ್ತು ತಂಬಿಗೆಗಳು ಭೋಗವೂ ಅಲ್ಲ, ಉಪಭೋಗವೂ ಅಲ್ಲ. ಅಲ್ಲಿ ಉಳಿಯುವುದು ‘ನನ್ನದು’ ಎಂಬ ಮೂರ್ಛೆ ಮಾತ್ರ. ತತ್ತ್ವಾರ್ಥಸೂತ್ರದ ದೃಷ್ಟಿಯಲ್ಲಿ ಪರಿಗ್ರಹವೆಂದರೆ ಅದೇ.

ವಸ್ತುವಿನ ಗುಣವಿಚಾರಕ್ಕೆ ಪರಂಪರೆಯಲ್ಲಿಯೇ ಮಾದರಿಯುಂಟು. ಮುನಿಗಳ ಪಿಂಛಿಗೆ ಮೂಲಾಚಾರವು ಐದು ಗುಣಗಳನ್ನು ಹೇಳುತ್ತದೆ: ಧೂಳು ಹಿಡಿಯದಿರುವುದು, ಬೆವರು ಹೀರದಿರುವುದು, ಮೃದುತ್ವ, ಸೌಕುಮಾರ್ಯ, ಲಘುತ್ವ. ಈ ಐದೂ ಗುಣಗಳ ಗುರಿ, ಅದು ತಾಗುವ ಜೀವಿಗೆ ನೋವಾಗದಿರುವುದು. ಹೀಗೆ ಉದ್ದೇಶವೂ ರೂಪವೂ ಒಂದಾದಾಗ ಹುಟ್ಟುವ ಸೌಂದರ್ಯಕ್ಕೆ ಅಲಂಕಾರ ಬೇಕಾಗದು. ಚಾತುರ್ಮಾಸದ ಬಳಿಕ ಹಳೆಯ ಪಿಂಛಿಯನ್ನು ಪಡೆಯುವ ಗೃಹಸ್ಥರು ಸಂಯಮದ ನಿಯಮವೊಂದನ್ನು ಸ್ವೀಕರಿಸುವ ವಾಡಿಕೆಯಿದೆ. ಸಂಗ್ರಹಕ್ಕೂ ಸ್ಮರಣೆಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪದ್ಧತಿ ವಿರಳ: ವಸ್ತು ಕೈಸೇರಬೇಕಾದರೆ ಆಸೆಯೊಂದನ್ನು ಬಿಡಬೇಕು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮನೆಗಳ ಅಟ್ಟದಲ್ಲಿ, ಬಸದಿಗಳ ಉಗ್ರಾಣದಲ್ಲಿ ಇರುವ ಒನಕೆ, ಕೊಳಗ, ಹಂಡೆ, ದೀಪಗಳ ಮುಂದೆ ಇಂದು ಎರಡು ದಾರಿಗಳು ಕಾಣುತ್ತವೆ: ತೂಕಕ್ಕೆ ಮಾರುವುದು, ಇಲ್ಲವೇ ಅಲಂಕಾರಕ್ಕಿಡುವುದು. ಮೂರನೆಯದೂ ಉಂಟು. ಕಲಾಯಿ ಹಾಕಿಸಿ ಬಳಕೆಗೆ ತರುವುದು. ಸಾಧ್ಯವಾಗದಿದ್ದರೆ ಬಳಸುವವರಿಗೆ ಕೊಡುವುದು. ಅದೂ ಆಗದಿದ್ದರೆ ಒಂದನ್ನು ಮಾತ್ರ ಉಳಿಸಿ, ಅದು ಯಾವ ಕೆಲಸಕ್ಕೆ, ಯಾರ ಕೈಯಲ್ಲಿ ಸವೆಯಿತೆಂಬುದನ್ನು ಬರೆದಿಡುವುದು. ಓಬವ್ವನ ವೇಷ ತೊಡುವ ಬಾಲಕಿಯ ಕೈಗೆ ಒಮ್ಮೆ ಅಟ್ಟದ ಒನಕೆಯನ್ನೇ ಕೊಟ್ಟು, ಒಂದು ಹಿಡಿ ಭತ್ತವನ್ನು ಕುಟ್ಟಿಸಬೇಕು. ಅಜ್ಜಿಯ ದಿನ ಹೇಗಿತ್ತೆಂಬುದನ್ನು ಆ ತೂಕವೇ ಅವಳಿಗೆ ತಿಳಿಸುತ್ತದೆ.