ದೊಡ್ಡ ಡಾಕ್ಟರಿಗೆ ತೋರಿಸಿದ ಮೇಲೆ

ರಾಯಚೂರು ಜಿಲ್ಲೆಯ ಯಾಪಲದಿನ್ನಿಯಂಥ ಗಡಿಭಾಗದ ಊರಿನಲ್ಲಿ ಮಗುವಿಗೆ ಫಿಟ್ಸ್ ಬಂತೆಂದರೆ ಕೈಗೆ ಕಬ್ಬಿಣ ಕೊಡಿ ಎನ್ನುವವರಿದ್ದಾರೆ, ತಾಯತ ಕಟ್ಟಿಸಿ ಎನ್ನುವವರಿದ್ದಾರೆ, ‘ಸುಮ್ನ ಹೈದರಾಬಾದಿಗೆ ಒಯ್ರಿ, ದೊಡ್ಡ ಡಾಕ್ಟರಿಗೆ ತೋರಿಸ್ರಿ’ ಎನ್ನುವವರೂ ಇದ್ದಾರೆ. ಮೊದಲೆರಡು ಸಲಹೆಗಳನ್ನು ಟೀಕಿಸಿ ಸಾಕಷ್ಟು ಬರೆದಾಗಿದೆ. ಮೂರನೆಯದು ವಿವೇಕದ ಮಾತಿನಂತೆ ಕೇಳುವುದರಿಂದ ಯಾರೂ ಅದನ್ನು ಒರೆಗೆ ಹಚ್ಚುವುದಿಲ್ಲ. ಅದರಲ್ಲಿ ವಿವೇಕ ಇಲ್ಲವೆಂದಲ್ಲ. ರಾಯಚೂರಿನಿಂದ ಬೆಂಗಳೂರು ನಾನೂರು ಕಿಲೋಮೀಟರಿಗೂ ಹೆಚ್ಚು, ಹೈದರಾಬಾದು ಸರಿಸುಮಾರು ಅದರ ಅರ್ಧ. ಗಡಿಯ ಜನಕ್ಕೆ ತೆಲುಗು ಬರುತ್ತದೆ, ನೆಂಟಸ್ತಿಕೆಯೂ ಆ ಕಡೆಗಿದೆ. ತೊಡಕಿರುವುದು ಆಯ್ಕೆಯ ಅಳತೆಗೋಲಿನಲ್ಲಿ. ಆಸ್ಪತ್ರೆಯ ಹೆಸರು, ಕಟ್ಟಡ, ಮಾಡಿಸಿದ ಸ್ಕ್ಯಾನಿಂಗ್, ಊರಿನ ಇನ್ಯಾರದೋ ಮಗು ಅಲ್ಲಿ ಗುಣವಾದ ಸುದ್ದಿ, ಇವೆಲ್ಲ ಮೊದಲ ಭೇಟಿಯನ್ನಷ್ಟೇ ಅಳೆಯುತ್ತವೆ. ಮೂರ್ಛೆರೋಗವಾಗಲಿ ಸೆರೆಬ್ರಲ್ ಪಾಲ್ಸಿಯಾಗಲಿ ಒಂದು ಭೇಟಿಯಲ್ಲಿ ಮುಗಿಯುವ ಕಾಯಿಲೆಗಳಲ್ಲ. ಹಾಗಾಗಿ ಮಕ್ಕಳ ನರರೋಗ ತಜ್ಞರನ್ನು ಆರಿಸುವಾಗ ಎರಡನೆಯ, ಹತ್ತನೆಯ ಭೇಟಿ ಹೇಗೆ ನಡೆದೀತು ಎಂಬುದೇ ಮೊದಲ ಪ್ರಶ್ನೆಯಾಗಬೇಕು ಎಂಬುದು ನನ್ನ ವಾದ.

ಇದಕ್ಕೆ ಔಷಧದ ಲೆಕ್ಕವೇ ಸಾಕ್ಷಿ. ಮಕ್ಕಳಿಗೆ ಫಿಟ್ಸ್ ಔಷಧ ಬರೆಯುವುದು ತೂಕ ನೋಡಿ. ಲೆವೆಟಿರಾಸಿಟಾಮ್ ಸಿರಪ್ ಸಾಮಾನ್ಯವಾಗಿ ಒಂದು ಮಿಲಿಗೆ 100 ಮಿಲಿಗ್ರಾಂ ಇರುತ್ತದೆ. 10 ಕೆ.ಜಿ.ಯ ಮಗುವಿಗೆ ತಜ್ಞರು ದಿನಕ್ಕೆ ಕೆ.ಜಿ.ಗೆ 30 ಮಿಲಿಗ್ರಾಂನಂತೆ ಬರೆದರು ಎನ್ನೋಣ: ಬೆಳಿಗ್ಗೆ ಒಂದೂವರೆ ಮಿಲಿ, ರಾತ್ರಿ ಒಂದೂವರೆ ಮಿಲಿ. ಮಗು 15 ಕೆ.ಜಿ. ಆದ ಮೇಲೂ ತಾಯಿ ಅದೇ ಹಳೆಯ ಚೀಟಿ ತೋರಿಸಿ ಅದೇ ಅಳತೆಯಲ್ಲಿ ಕುಡಿಸುತ್ತಿದ್ದರೆ ಮಗುವಿಗೆ ಸಿಗುವುದು ಕೆ.ಜಿ.ಗೆ 20 ಮಿಲಿಗ್ರಾಂ ಮಾತ್ರ. ಔಷಧ ಒಂದು ದಿನವೂ ತಪ್ಪಿಲ್ಲ, ಆದರೂ ಡೋಸು ಮೂರರಲ್ಲೊಂದು ಪಾಲು ಕರಗಿದೆ. ಫಿಟ್ಸ್ ಮರಳಿದರೆ ‘ಆ ಡಾಕ್ಟರ ಔಷಧ ಹತ್ತಲಿಲ್ಲ’ ಎಂದು ಇನ್ನೊಬ್ಬ ದೊಡ್ಡ ಡಾಕ್ಟರನ್ನು ಹುಡುಕಲು ಹೊರಡುತ್ತಾರೆ. ಅಲ್ಲಿ ಮತ್ತೆ ಸ್ಕ್ಯಾನಿಂಗ್, ಮತ್ತೆ ಖರ್ಚು. ಫಿಟ್ಸ್ ನಿಂತು ಸಾಮಾನ್ಯವಾಗಿ ಎರಡು ವರ್ಷವಾದ ಮೇಲೆ ತಾನೇ ಔಷಧ ಇಳಿಸುವ ಮಾತು ಬರುವುದು? ಅಷ್ಟು ಕಾಲ ತೂಕ ನೋಡುವವರು, ಡೋಸು ತಿದ್ದುವವರು ಯಾರು? ಇನ್ನೂರು ಕಿಲೋಮೀಟರ್ ಆಚೆಯ ತಜ್ಞರೊಬ್ಬರಿಂದಲೇ ಆಗುವ ಕೆಲಸವಲ್ಲ ಅದು. ರಾಯಚೂರಿನ, ಮಾನ್ವಿಯ, ದೇವದುರ್ಗದ ಮಕ್ಕಳ ವೈದ್ಯರು ಕೈಜೋಡಿಸಬೇಕು. ಆದ್ದರಿಂದ ಆರಿಸಬೇಕಾದದ್ದು ಒಂದು ಜೋಡಿಯನ್ನು: ಕಾಯಿಲೆ ಗುರುತಿಸಿ ದಾರಿ ಹಾಕಿಕೊಡುವ ದೂರದ ತಜ್ಞರು, ಆ ದಾರಿಯಲ್ಲಿ ನಡೆಸುವ ಹತ್ತಿರದ ವೈದ್ಯರು. ‘ಇಷ್ಟು ತೂಕಕ್ಕೆ ಇಷ್ಟು ಡೋಸು, ಐದು ನಿಮಿಷ ದಾಟಿದರೆ ಮೂಗಿಗೆ ಮಿಡಜೋಲಾಮ್ ಸ್ಪ್ರೇ ಇಷ್ಟು’ ಎಂದು ಸ್ಥಳೀಯ ವೈದ್ಯರಿಗೆ ಓದಲು ಬರುವಂತೆ ಬರೆದುಕೊಡುವ ತಜ್ಞರು, ಅರ್ಥವಾಗದ ಗೀಚಿನ ಚೀಟಿ ಕೊಡುವ ಹೆಸರುವಾಸಿಗಿಂತ ಈ ಭಾಗದ ಮಗುವಿಗೆ ಮೇಲು.

ಓದುಬರಹ ಅಷ್ಟಕ್ಕಷ್ಟೇ ಇರುವ ತಂದೆತಾಯಿ ತಜ್ಞರ ಯೋಗ್ಯತೆ ಅಳೆಯುವುದು ಹೇಗೆ ಎಂದು ಕೇಳಬಹುದು. ವಿದ್ಯೆಯನ್ನು ಅಳೆಯಲಾಗದು ನಿಜ. ಬೋರ್ಡಿನ ಮೇಲೆ ಮಕ್ಕಳ ನರರೋಗದಲ್ಲಿ ಡಿ.ಎಂ. ಅಥವಾ ಫೆಲೋಶಿಪ್ ಇದೆಯೇ ಎಂದು ಕೇಳಿ ತಿಳಿಯಬಹುದು, ಅಷ್ಟೆ. ನಡೆಯನ್ನಂತೂ ಯಾರು ಬೇಕಾದರೂ ನೋಡಬಹುದು. ಹೆರಿಗೆ ಹೇಗಾಯಿತು, ಮಗು ಹುಟ್ಟಿದೊಡನೆ ಅತ್ತಿತೇ, ಕತ್ತು ನಿಂತದ್ದು ಯಾವಾಗ ಎಂದು ಕೇಳಿದರೇ? ಅಂಗಿ ಬಿಚ್ಚಿಸಿ ಚರ್ಮದ ಮೇಲೆ ಬಿಳಿ ಮಚ್ಚೆ ಹುಡುಕಿದರೇ, ಟೇಪು ಹಿಡಿದು ತಲೆಯ ಸುತ್ತಳತೆ ತೆಗೆದರೇ? ಮನೆಯವರು ಮೊಬೈಲಿನಲ್ಲಿ ಹಿಡಿದ ಫಿಟ್ಸ್ ವಿಡಿಯೋ ನೋಡಿದರೇ? ಅನೇಕ ಸಲ ಆ ಅರ್ಧ ನಿಮಿಷದ ವಿಡಿಯೋ ದುಬಾರಿ ಸ್ಕ್ಯಾನಿಂಗಿಗಿಂತ ಹೆಚ್ಚು ಹೇಳುತ್ತದೆ. ಇನ್ನು ಪರೀಕ್ಷೆಗಳ ಮಾತು: ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಸರಿಯಿದ್ದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೆಂದಾಗದು, ಕೆಲವು ಆರೋಗ್ಯವಂತ ಮಕ್ಕಳ ಇಇಜಿಯಲ್ಲೂ ಏರುಪೇರು ಕಾಣುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಜ್ವರದಲ್ಲಿ ಇಡೀ ಮೈಗೆ ಫಿಟ್ಸ್ ಬಂದು, 15 ನಿಮಿಷದೊಳಗೆ ನಿಂತು, 24 ಗಂಟೆಯಲ್ಲಿ ಮರುಕಳಿಸದೆ ಮಗು ಎಂದಿನಂತಾದರೆ ಸಾಮಾನ್ಯವಾಗಿ ಇಇಜಿಯೂ ಬೇಡ, ಎಂಆರ್‌ಐಯೂ ಬೇಡ. ಅದೇ ಒಂದು ಕೈ ಅಥವಾ ಒಂದು ಪಕ್ಕ ಮಾತ್ರ ಜಗ್ಗಿದರೆ ಸ್ಕ್ಯಾನಿಂಗ್ ಬೇಕಾಗುತ್ತದೆ. ಏಕೆಂದರೆ ನಮ್ಮ ದೇಶದಲ್ಲಿ ಮೆದುಳಿಗೆ ಸೇರಿದ ಲಾಡಿಹುಳದ ಚೀಲ, ಕ್ಷಯದ ಗಂಟು ಅಪರೂಪವಲ್ಲ. ಯಾವ ಪರೀಕ್ಷೆ ಯಾಕೆ ಬೇಕು, ಯಾಕೆ ಬೇಡ ಎಂದು ಬಿಡಿಸಿ ಹೇಳುವವರನ್ನು ನಂಬಬಹುದು. ದಪ್ಪ ಫೈಲು ನಂಬಿಕೆಗೆ ಆಧಾರವಲ್ಲ.

‘ಹತ್ತಿರದವರನ್ನು ನಂಬಿ ಕೂತರೆ ಹೊತ್ತು ಮೀರುತ್ತದೆ’ ಎಂಬ ಆಕ್ಷೇಪಕ್ಕೆ ನಾನು ಅರ್ಧ ತಲೆಬಾಗುತ್ತೇನೆ. ಕೆಲವು ಕಾಯಿಲೆಗಳಲ್ಲಿ ಅದು ಪೂರ್ತಿ ಸತ್ಯ. ವರ್ಷದೊಳಗಿನ ಕೂಸು ನಿದ್ದೆಯಿಂದ ಎದ್ದಾಗ ಬೆಚ್ಚಿದಂತೆ ಕೈ ಎತ್ತಿ, ತಲೆ ಮುಂದೆ ಬಾಗಿಸಿ, ಮತ್ತೆ ಮತ್ತೆ ಸಾಲಾಗಿ ಹಾಗೇ ಮಾಡುತ್ತದೆ. ಮನೆಯವರು ಹೊಟ್ಟೆನೋವು ಎಂದುಕೊಳ್ಳುತ್ತಾರೆ. ಅದು ವೆಸ್ಟ್ ಸಿಂಡ್ರೋಮ್ ಇರಬಹುದು. ಅಲ್ಲಿ ವಾರಗಳ ವಿಳಂಬವೂ ಮಗುವಿನ ಬುದ್ಧಿ ಬೆಳವಣಿಗೆಗೆ ಕುತ್ತು. ಕಲಿತ ಮಾತು, ನಡಿಗೆ ಮರೆಯುತ್ತಿರುವ ಮಗುವಿನದೂ ಅದೇ ತುರ್ತು. ಅಂಥಲ್ಲಿ ಸಿಕ್ಕ ಬಸ್ಸು ಹತ್ತಬೇಕು. ಆದರೆ ಯಾರು ಇಂದೇ ಹೋಗಬೇಕು, ಯಾರು ಕಾಯಬಹುದು ಎಂದು ಮೊದಲು ಹೇಳಬಲ್ಲವರು ಊರ ಹತ್ತಿರದ ಮಕ್ಕಳ ವೈದ್ಯರೇ. ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ.

ಬಡವರಿಗೆ ಆಯ್ಕೆ ಎಲ್ಲಿದೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಗುರುತಿಸಿ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳಿವೆ. ಇವು ಕಾಗದದ ಮೇಲೆ ಸರಪಳಿಯಂತಿವೆ, ಆದರೆ ಮೇಲಿನಿಂದ ಕೆಳಕ್ಕೆ ಮರಳುವ ಕೊಂಡಿ ಸಡಿಲ. ಏಮ್ಸ್ ಬೇಕೆಂದು 2022ರಿಂದ ರಾಯಚೂರಿನಲ್ಲಿ ನಡೆದ ದೀರ್ಘ ಧರಣಿ ನ್ಯಾಯವಾದದ್ದೇ. ಆ ಬೇಡಿಕೆಯ ಪಕ್ಕದಲ್ಲೇ, ಏಮ್ಸಿಗೆ ಕಾಯದೆ ಕೇಳಬಹುದಾದ ಎರಡು ಸಂಗತಿಗಳಿವೆ: ಮಕ್ಕಳ ನರರೋಗ ತಜ್ಞರು ಜಿಲ್ಲಾ ಕೇಂದ್ರದಲ್ಲಿ ಕೂರುವ, ತಿಂಗಳಿಗೊಂದು ಗೊತ್ತಾದ ದಿನ, ಮತ್ತು ಅವರು ಬರೆದ ಸಿರಪ್ಪು ದೇವದುರ್ಗ, ಮಾನ್ವಿಯ ಸರ್ಕಾರಿ ಆಸ್ಪತ್ರೆಗಳ ಔಷಧ ಕಿಟಕಿಯಲ್ಲಿ ವರ್ಷವಿಡೀ ಸಿಗುವ ಏರ್ಪಾಡು.