ಬೆಟ್ಟ ಮುರಿದದ್ದು, ಹಾರೆ ಮುರಿದದ್ದು

ಸ್ಫಟಿಕ ಸಂಗ್ರಹಿಸುವವರು ಹರಳೊಂದನ್ನು ಕೈಗೆತ್ತಿಕೊಂಡರೆ ಮೊದಲು ನೋಡುವುದು ಅದರ ತುದಿಯನ್ನು. ಬಣ್ಣ ಆಮೇಲೆ, ಗಾತ್ರ ಇನ್ನೂ ಆಮೇಲೆ. ಇಳಿಜಾರು ಮುಖಗಳೆಲ್ಲ ಕೂಡುವ ಆ ತುದಿ ಸಾಸಿವೆಯಷ್ಟು ಮುಕ್ಕಾಗಿದ್ದರೂ ಬೆಲೆ ಕುಸಿಯುತ್ತದೆ. ಭಿನ್ನವಾದ ಮೂರ್ತಿಗೆ ಪೂಜೆ ನಿಲ್ಲಿಸುವ ನಮಗೆ ಈ ಕಟ್ಟುನಿಟ್ಟು ಹೊಸದಲ್ಲ. ಆದರೆ ಅದೇ ಸಂಗ್ರಾಹಕರು ಮತ್ತೆ ಮತ್ತೆ ಮುರಿದು ಕೂಡಿದ ಹರಳೊಂದನ್ನು, ಮುರಿದಿದೆ ಎನ್ನುವ ಕಾರಣಕ್ಕೇ ಆಸೆಪಟ್ಟು ಕೊಳ್ಳುತ್ತಾರೆ. ಇದು ಎಡಬಿಡಂಗಿತನ ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಬೆಣಚುಕಲ್ಲಿನ ಹರಳಿಗೆ ಬೆಲೆ ಕಟ್ಟುವ ವಿದ್ಯೆಯಲ್ಲಿ ಒಳ್ಳೆಯದು ಏನಿದೆಯೋ ಅದು ಈ ವ್ಯತ್ಯಾಸದಲ್ಲೇ ಇದೆ.

ಆ ಮುರಿದು ಕೂಡಿದ ಹರಳಿನ ಹೆಸರು ಫಾಡೆನ್; ಜರ್ಮನ್ ಭಾಷೆಯಲ್ಲಿ ದಾರ ಎಂದರ್ಥ. ಸ್ವಿಟ್ಜರ್ಲೆಂಡಿನ ಆಲ್ಪ್ಸ್‌ನಲ್ಲಿ, ಪಾಕಿಸ್ತಾನದ ವಜಿರಿಸ್ತಾನದಲ್ಲಿ ಸಿಗುತ್ತದೆ. ಬಂಡೆಯ ಸಂದಿಯಲ್ಲಿ ಬಿಸಿನೀರು ತುಂಬಿಕೊಂಡಿರುತ್ತದೆ. ಅದರಲ್ಲಿ ಕರಗಿದ ಸಿಲಿಕಾ ಸಂದಿಯ ಎರಡೂ ಗೋಡೆಗಳನ್ನು ಹಿಡಿದುಕೊಂಡು ಹರಳುಗಟ್ಟುತ್ತದೆ. ಬೆಟ್ಟ ಕದಲಿ ಸಂದಿ ಕೂದಲೆಳೆಯಷ್ಟು ಅಗಲವಾದರೆ ಹರಳು ಬಿರಿಯುತ್ತದೆ, ಬಿರಿದಲ್ಲಿ ಹೊಸ ಸಿಲಿಕಾ ಬಂದು ಗಾಯ ಮಾಯುತ್ತದೆ. ಮತ್ತೆ ಕದಲಿಕೆ, ಮತ್ತೆ ಬಿರುಕು, ಮತ್ತೆ ಕೂಡಿಕೆ. ಪ್ರತಿ ಸಲ ಕೂಡುವಾಗಲೂ ಒಂದಿಷ್ಟು ದ್ರವ, ಅನಿಲ ಒಳಗೆ ಸಿಕ್ಕಿಕೊಳ್ಳುತ್ತದೆ. ಅದೇ ಹರಳಿನ ನಡುವೆ ಹಾದುಹೋದ ಬಿಳಿ ನೂಲಾಗಿ ಕಾಣುತ್ತದೆ. ನನ್ನ ಮೇಜಿನ ಮೇಲೆ ಹೆಬ್ಬೆರಳಗಲದ ಚಪ್ಪಟೆ ಫಾಡೆನ್ ಒಂದಿದೆ. ಕಿಟಕಿಯ ಬೆಳಕಿಗೆ ಹಿಡಿದಾಗಲೆಲ್ಲ ಒಂದು ಬೆಟ್ಟ ಮಗ್ಗುಲು ಬದಲಿಸಿದ ಲೆಕ್ಕವನ್ನೇ ಕೈಯಲ್ಲಿ ಹಿಡಿದಿದ್ದೇನೆ ಅನ್ನಿಸುತ್ತದೆ.

ಹಾಗಾಗಿ ಪ್ರಶ್ನೆ ಮುರಿದಿದೆಯೇ ಎಂಬುದಲ್ಲ, ಯಾವಾಗ ಮುರಿಯಿತು, ಯಾರಿಂದ ಮುರಿಯಿತು ಎಂಬುದು. ಬೆಳೆಯುವಾಗ ಆದ ಬಿರುಕು ಹರಳಿನ ಬದುಕಿಗೆ ಸೇರಿದ್ದು. ಅಗೆಯುವಾಗ ಹಾರೆ ತಾಗಿ ಆದ ಮುಕ್ಕು ಆ ಬದುಕಿನಿಂದ ಕಿತ್ತ ಒಂದು ಹಾಳೆ. ಆಲ್ಪ್ಸ್‌ನ ಹರಳುಬೇಟೆಗಾರರು, ಅಲ್ಲಿಯವರ ಮಾತಿನಲ್ಲಿ ಸ್ಟ್ರಾಲರ್‌ಗಳು, ಸಂದಿಯೊಳಗಿನ ಕೆಸರನ್ನು ಬರಿಗೈಯಲ್ಲಿ ತೋಡುವಷ್ಟು ತಾಳ್ಮೆ ತೋರುವುದು ಇದಕ್ಕಾಗಿ. 1786ರಲ್ಲಿ ಮಾಂ ಬ್ಲಾಂ ಶಿಖರವನ್ನು ಮೊದಲು ಏರಿದ ಇಬ್ಬರಲ್ಲಿ ಒಬ್ಬನಾದ ಜಾಕ್ ಬಾಲ್ಮಾ ಇಂಥ ಹರಳು ಹುಡುಕುವ ಕಸುಬಿನವನೇ. ಗ್ವಿಂಡೆಲ್ ಎಂಬ ತಿರುಚಿದ ಹರಳಿಗೂ, ಎರಡು ಚಪ್ಪಟೆ ಹರಳುಗಳು ಸುಮಾರು 84 ಡಿಗ್ರಿ ಕೋನದಲ್ಲಿ ಕೂಡಿ ಬೆಳೆದ ಜಪಾನಿ ಅವಳಿಗೂ ದುಬಾರಿ ಬೆಲೆ ಬರುವುದು ಬೆಳವಣಿಗೆಯ ಈ ಅಪರೂಪದಿಂದ.

ಬಣ್ಣದ ವಿಷಯಕ್ಕೆ ಬಂದರೆ ಪೇಟೆಯ ನಡತೆ ನನಗೆ ಒಪ್ಪಿಗೆಯಾಗುವುದಿಲ್ಲ. ನೇರಳೆ ಅಮೆಥಿಸ್ಟ್‌ಗೆ ಬಣ್ಣ ಬರುವುದು ಹರಳಿನೊಳಗೆ ಸೇರಿದ ಚೂರು ಕಬ್ಬಿಣ ಮತ್ತು ಸುತ್ತಲ ಬಂಡೆಯ ವಿಕಿರಣದಿಂದ. ಹೊಗೆಬಣ್ಣದ ಸ್ಫಟಿಕದಲ್ಲಿ ಕಬ್ಬಿಣದ ಜಾಗಕ್ಕೆ ಅಲ್ಯೂಮಿನಿಯಂ. ಎರಡಕ್ಕೂ ಭೂಮಿ ತೆಗೆದುಕೊಳ್ಳುವ ಕಾಲ ದೀರ್ಘ. ಆದರೆ ಬ್ರೆಜಿಲ್‌ನ ಅಮೆಥಿಸ್ಟ್ ಅನ್ನು ಕುಲುಮೆಯಲ್ಲಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದರೆ ಅದು ಹಳದಿಗೆ ತಿರುಗುತ್ತದೆ, ಸಿಟ್ರಿನ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ನಾನು ಮೊದಲು ಕೊಂಡ ಸಿಟ್ರಿನ್ ಗೊಂಚಲು ಇಂಥದ್ದೇ: ಬುಡ ಸುಣ್ಣದ ಬಿಳಿ, ತುದಿ ಸುಟ್ಟ ಕಿತ್ತಳೆ. ಅಂಗಡಿಯವರು ಹೇಳಲಿಲ್ಲ, ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ. ನೆಲದಲ್ಲೇ ಹಳದಿಯಾದ ಸಿಟ್ರಿನ್ ಅಪರೂಪ. ಅದರ ಬಣ್ಣ ಸಾಮಾನ್ಯವಾಗಿ ತಿಳಿ, ಹೊಗೆ ಬೆರೆತ ಜೇನಿನಂಥದು. ಕಾಯಿಸುವುದೇ ತಪ್ಪು ಎನ್ನಲಾರೆ. ಕಾಯಿಸಿದ್ದನ್ನು ಮುಚ್ಚಿಟ್ಟು, ಭೂಮಿಯ ಕೆಲಸವೆಂದು ಹಣ ಪಡೆಯುವುದು ತಪ್ಪು.

ಅದಕ್ಕಿಂತ ನನ್ನನ್ನು ನೋಯಿಸುವುದು ಸಾಣೆ ಹಿಡಿದ ಗೋಪುರಗಳು. ರೂಪವಿಲ್ಲದ ಗಟ್ಟಿಗಳನ್ನು ಕೊಯ್ದು, ಆರು ಮುಖ ಮಾಡಿ, ಚೂಪು ತುದಿ ಕೊಟ್ಟು ಹರಳೆಂದೇ ಮಾರುತ್ತಾರೆ. ಬೆಣಚಿನ ಹರಳು ಎಲ್ಲಿ ಬೆಳೆದರೂ, ಎಷ್ಟು ಡೊಂಕಾಗಿ ಬೆಳೆದರೂ, ಅದರ ಮುಖಗಳ ನಡುವಿನ ಕೋನ ಬದಲಾಗದು ಎಂದು ನಿಕೋಲಸ್ ಸ್ಟೆನೊ 1669ರಲ್ಲೇ ಗುರುತಿಸಿದ್ದ. ಹರಳು ವಿಜ್ಞಾನದ ಬುನಾದಿಯೇ ಅದು. ಸಾಣೆಯ ಗೋಪುರದಲ್ಲಿ ಕೋನ ಕಲ್ಲಿನದಲ್ಲ, ಯಂತ್ರದ್ದು. ಪತ್ತೆ ಮಾಡುವುದು ಕಷ್ಟವೇನಲ್ಲ: ನಿಜವಾದ ಹರಳಿನ ಪಕ್ಕದ ಮುಖಗಳ ಮೇಲೆ ಉಗುರನ್ನು ಉದ್ದಕ್ಕೆ ಎಳೆದರೆ ಅಡ್ಡಗೆರೆಗಳು ತಾಗುತ್ತವೆ, ಸಾಣೆ ಹಿಡಿದದ್ದು ಗಾಜಿನಂತೆ ಜಾರುತ್ತದೆ. ಶೃಂಗೇರಿ ಮಠದ ಚಂದ್ರಮೌಳೀಶ್ವರ ಸ್ಫಟಿಕ ಲಿಂಗವೂ ಅಜ್ಜಿಯರ ಕೈಯ ಜಪಮಾಲೆಯೂ ಸ್ಫಟಿಕದವೇ. ಅವುಗಳ ರೂಪ ತಾನು ಹಾಗೇ ನೆಲದಲ್ಲಿ ಬೆಳೆದೆನೆಂದು ಯಾರಿಗೂ ಹೇಳುವುದಿಲ್ಲ. ಗೋಪುರ ಹೇಳುತ್ತದೆ.

ಹರಳಿನ ಕಥೆಗೇ ಬೆಲೆ ಎಂದು ಒಪ್ಪಿದ ಮೇಲೆ ಸಂಗ್ರಾಹಕರನ್ನೂ ಒಂದು ಮಾತು ಕೇಳಬೇಕು. ಬರ್ನ್ ನಗರದ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿರುವ ಪ್ಲಾಂಗೆನ್‌ಸ್ಟಾಕ್ ಬೆಟ್ಟದ ದೈತ್ಯ ಹರಳುಗಳನ್ನು 2005ರಲ್ಲಿ ಕಂಡವರು ಫ್ರಾಂಜ್ ಫಾನ್ ಆರ್ಕ್ಸ್ ಮತ್ತು ಪಾಲ್ ಫಾನ್ ಕೆನೆಲ್ ಎಂದು ಜಗತ್ತಿಗೆ ಗೊತ್ತು. ನಮ್ಮ ನೆರೆಯ ಮಹಾರಾಷ್ಟ್ರದ ಜಳಗಾಂವ್, ನಾಸಿಕ್ ಕಡೆಯ ಕ್ವಾರಿಗಳಲ್ಲಿ ಜಲ್ಲಿಗಾಗಿ ಕಪ್ಪುಕಲ್ಲು ಒಡೆಯುವಾಗ ಪೊಟರೆಗಳಿಂದ ಅಮೆಥಿಸ್ಟ್, ಸ್ಫಟಿಕ, ಜಿಯೋಲೈಟ್‌ಗಳು ಹೊರಬರುತ್ತವೆ, ಜಗತ್ತಿನ ಸಂಗ್ರಹಗಳಿಗೆ ಹೋಗುತ್ತವೆ. ಅವುಗಳ ಜೊತೆ ಬರುವ ಚೀಟಿಗಳಲ್ಲಿ, ನಾನು ನೋಡಿದಷ್ಟರಲ್ಲಿ, ಜಿಲ್ಲೆಯ ಹೆಸರಿರುತ್ತದೆ, ಹಿಂದೆ ಯಾವ ಸಿರಿವಂತನ ಬಳಿ ಇತ್ತು ಎಂಬುದೂ ಇರುತ್ತದೆ. ಕ್ರಷರ್ ಬಾಯಿಗೆ ಬೀಳುವ ಮುಂಚೆ ಕಲ್ಲನ್ನು ಪಕ್ಕಕ್ಕಿಟ್ಟ ಕೈಯ ಹೆಸರು ಒಂದರಲ್ಲೂ ಕಂಡಿಲ್ಲ. ತುದಿಯ ಸಾಸಿವೆಗಾತ್ರದ ಕೊರತೆಯನ್ನು ಭೂತಗನ್ನಡಿಯಲ್ಲಿ ಹುಡುಕುವವರು ಈ ಕೊರತೆಯನ್ನು ಬೆಲೆಗೆ ಲೆಕ್ಕ ಹಿಡಿಯುವುದಿಲ್ಲ.

ನನ್ನ ಫಾಡೆನ್ ಜೊತೆ ಬಂದ ಚೀಟಿಯಲ್ಲಿ ಒಂದೇ ಪದವಿದೆ: ವಜಿರಿಸ್ತಾನ. ಹರಳಿನ ಒಂದು ಮೂಲೆ ಮುಕ್ಕಾಗಿದೆ. ಹೊಸ ಮುಕ್ಕು; ಚಿಪ್ಪಿನ ಒಳಮೈಯಂತೆ ಬಳಸಿದ ಗೆರೆಗಳು ಇನ್ನೂ ಹೊಳೆಯುತ್ತವೆ. ನನ್ನಂಥವನಿಗೆ ಎಟುಕುವ ಬೆಲೆಗೆ ಅದು ಬಂದದ್ದು ಆ ಮುಕ್ಕಿನಿಂದ. ನಡುವಿನ ಬಿಳಿ ನೂಲು ಮಾತ್ರ ಈ ಅಂಚಿನಿಂದ ಆ ಅಂಚಿನವರೆಗೆ ಇಡಿಯಾಗಿದೆ.