ಹುತಾತ್ಮರ ಮನೆಯ ಗಾಡಿಗೆ ಯಾವ ಬಣ್ಣದ ಪ್ಲೇಟು?

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ಸಿಗ್ನಲ್ ಬಿದ್ದಾಗ ಮೊಬೈಲ್ ತೆಗೆಯೋ ಬದಲು ಮುಂದಿನ ಗಾಡಿಗಳ ಹಿಂಭಾಗ ಓದಿ ನೋಡಿ. 'ಪ್ರೆಸ್' ಇರುತ್ತೆ, 'ಪೊಲೀಸ್' ಇರುತ್ತೆ, ಯಾವುದೋ ಮಾನವ ಹಕ್ಕುಗಳ ಸಂಘದ ಜಿಲ್ಲಾಧ್ಯಕ್ಷರು ಇರುತ್ತಾರೆ. ನಡುವೆ ದಪ್ಪ ಅಕ್ಷರದಲ್ಲಿ 'ಆರ್ಮಿ'. ಆರ್ಮಿ ಅಂತ ಬರೆದ ಗಾಡಿಯೊಳಗೆ ಮಿಲ್ಟ್ರಿಯವನೇ ಕೂತಿರಬೇಕು ಅಂತೇನಿಲ್ಲ. ಮಿಲ್ಟ್ರಿಯವನ ಅಳಿಯ ಇರಬಹುದು, ಅಳಿಯನ ಗೆಳೆಯ ಇರಬಹುದು. ಸೆಕೆಂಡ್ ಹ್ಯಾಂಡ್ ತಗೊಂಡವನು ಸ್ಟಿಕ್ಕರ್ ಚಂದ ಐತಿ ಅಂತ ಹಾಗೇ ಬಿಟ್ಟಿರಬಹುದು. ರೇಡಿಯಂ ಅಂಗಡಿಯವನು ಐಡಿ ಕಾರ್ಡ್ ಕೇಳೋದಿಲ್ಲ, ರೊಕ್ಕ ಕೇಳ್ತಾನೆ.

ಇಂಥ ಊರಲ್ಲಿ ನಿಂತು ಒಂದು ಬೇಡಿಕೆಯ ಬಗ್ಗೆ ಯೋಚಿಸಬೇಕು. ಅಮೆರಿಕಕ್ಕೆ ಹೋಗಿ ಬಂದ ಗೆಳೆಯರು ಆಗಾಗ ಹೇಳ್ತಾರೆ: "ಅಲ್ಲಿ ಹುತಾತ್ಮ ಸೈನಿಕರ ಮನೆಯವರಿಗೇ ಅಂತ ಬೇರೆ ನಂಬರ್ ಪ್ಲೇಟ್ ಇರ್ತದ. ನಮ್ಮಲ್ಲಿ ಯಾಕಿಲ್ಲ?"

ಅವರು ಹೇಳೋದು ಗೋಲ್ಡ್ ಸ್ಟಾರ್ ಪ್ಲೇಟಿನ ಮಾತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಮನೆಗಳು ಕಿಟಕಿಗೆ ಒಂದು ಬಾವುಟ ಕಟ್ಟುತ್ತಿದ್ದವು. ಮಗ ಸೈನ್ಯದಲ್ಲಿದ್ದರೆ ಅದರಲ್ಲಿ ನೀಲಿ ನಕ್ಷತ್ರ, ತೀರಿಹೋದರೆ ನೀಲಿಯ ಮೇಲೆ ಚಿನ್ನದ ಬಣ್ಣದ ನಕ್ಷತ್ರ. 1947ರಲ್ಲಿ ಅದೇ ನಕ್ಷತ್ರ ಕೋಟಿಗೆ ಹಾಕಿಕೊಳ್ಳುವ ಪಿನ್ ಆಯಿತು, ಮುಂದೆ ಕಾರಿನ ಪ್ಲೇಟಿಗೂ ಬಂತು. ಆದರೆ ಅಲ್ಲಿ ಪ್ಲೇಟ್ ಅನ್ನೋದೇ ಬೇರೆ ವಸ್ತು. ಓದಿದ ಯೂನಿವರ್ಸಿಟಿಯ ಚಿತ್ರ, ತಿಮಿಂಗಿಲದ ಚಿತ್ರ, ತಮ್ಮ ಹೆಸರಿನ ಅಕ್ಷರ, ಏನು ಬೇಕಾದರೂ ದುಡ್ಡು ಕಟ್ಟಿ ಹಾಕಿಸಿಕೊಳ್ಳಬಹುದು. ಜನ ಅದರ ಮೇಲೆ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಆ ಸಾಲಿನಲ್ಲಿ ದುಃಖವನ್ನೂ ಹೇಳಿಕೊಳ್ಳಬಹುದು.

ನಮ್ಮ ಪ್ಲೇಟ್ ಹಾಗಲ್ಲ. ಬಿಳಿ ಅಂದರೆ ಸ್ವಂತದ್ದು, ಹಳದಿ ಅಂದರೆ ಬಾಡಿಗೆಯದ್ದು, ಹಸಿರು ಅಂದರೆ ಕರೆಂಟಿನದ್ದು. ಸೈನ್ಯದ ಸರ್ಕಾರಿ ಗಾಡಿಗೆ ಮೇಲ್ಮುಖ ಬಾಣದ ಗುರುತಿದೆ, ಆದರೆ ಸೈನಿಕನ ಸ್ವಂತ ಬೈಕಿಗೆ ನಮ್ಮ ನಿಮ್ಮ ಹಾಗೇ ಕೆಎ 25 ಅಥವಾ ಕೆಎ 63. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಕಡ್ಡಾಯ. ಅದಕ್ಕಿಂತ ಹಳೆಯ ಗಾಡಿಗಳಿಗೂ ಹಾಕಿಸಿ ಅಂತ 2023ರ ಆಗಸ್ಟ್‌ನಲ್ಲಿ ಕರ್ನಾಟಕ ಹೇಳಿತು, ಗಡುವು ರಬ್ಬರಿನ ಹಾಗೆ ಎಳೆದು ಎಳೆದು ಮುಂದೆ ಹೋಯಿತು. ಆ ಪ್ಲೇಟಿನ ಮೇಲೆ ನಂಬರ್, ಹೊಲೊಗ್ರಾಂ, ಲೇಸರ್ ಕೋಡ್ ಬಿಟ್ಟು ಇನ್ನೇನೂ ಇರಬಾರದು. ಪ್ಲೇಟ್ ಗಾಡಿಯ ಬಗ್ಗೆ ಮಾತಾಡಬೇಕೇ ಹೊರತು ಒಳಗೆ ಕೂತವರ ಬಗ್ಗೆ ಅಲ್ಲ ಅನ್ನೋದು ನಿಯಮ. ಒಳಗೆ ಕೂತವರ ಬಗ್ಗೆ ಮಾತಾಡೋ ಕೆಲಸವನ್ನು ಸ್ಟಿಕ್ಕರ್‌ಗಳು ವಹಿಸಿಕೊಂಡಿವೆ, ಅವು ಆಡೋದು ಒಂದೇ ಮಾತು: ನನ್ನನ್ನು ತಡೀಬ್ಯಾಡ್ರಿ. 2017ರ ಮೇ 1ರಿಂದ ವಿಐಪಿ ಕಾರುಗಳ ಕೆಂಪು ದೀಪ ತೆಗೆಸಿದರು. ದೀಪ ಹೋಯಿತು, ಸ್ಟಿಕ್ಕರ್ ಉಳಿಯಿತು.

ಇಲ್ಲಿಗೆ ಹುತಾತ್ಮರ ಕುಟುಂಬದ ಪ್ಲೇಟ್ ಬಂದರೆ ಏನಾಗುತ್ತೆ ಅಂತ ಊಹಿಸೋಕೆ ದೊಡ್ಡ ಬುದ್ಧಿ ಬೇಕಿಲ್ಲ. ಆರು ತಿಂಗಳಲ್ಲಿ ರೇಡಿಯಂ ಅಂಗಡಿಯಲ್ಲಿ ಅದರ ನಕಲು ಸಿಗುತ್ತೆ. ನಿಜವಾದ ತಾಯಿಯೊಬ್ಬಳು ಆ ಪ್ಲೇಟಿನ ಸ್ಕೂಟರ್ ಹಿಂದೆ ಕೂತು ಹೋಗುವಾಗ ಟ್ರಾಫಿಕ್ ಪೊಲೀಸ್ ನಿಲ್ಲಿಸಿ "ಇದು ಒರಿಜಿನಲ್ ಏನ್ರಿ?" ಅಂತ ಕೇಳಬೇಕಾಗುತ್ತೆ. ಮಗನನ್ನು ಕಳಕೊಂಡದ್ದಕ್ಕೆ ರಸ್ತೆ ಬದಿಯಲ್ಲಿ ದಾಖಲೆ ತೋರಿಸೋದು!

ಹಾಗಂತ ಈ ಬೇಡಿಕೆಯನ್ನು ನಕ್ಕು ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರು ನೆನಪಾಗುತ್ತೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಮೇಲೆ, ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಜನ ಸಿಕ್ಕಿಬಿದ್ದರು. ಆರು ದಿನದ ಮೇಲೆ ಒಬ್ಬರು ಜೀವಂತ ಸಿಕ್ಕರು, ಬೆಟದೂರಿನ ಲ್ಯಾನ್ಸ್ ನಾಯಕ್ ಹನಮಂತಪ್ಪ ಕೊಪ್ಪದ. ಇಡೀ ದೇಶ ಅವರ ಹೆಸರು ಉಚ್ಚಾರ ಮಾಡೋಕೆ ಕಲಿಯಿತು. ಫೆಬ್ರವರಿ 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುದಿನ ಬೆಟದೂರಿನಲ್ಲಿ ಮಂತ್ರಿಗಳು, ಕ್ಯಾಮೆರಾಗಳು, ಜನಸಾಗರ. ಆಮೇಲೆ ಎಲ್ಲರೂ ತಂತಮ್ಮ ಕೆಲಸಕ್ಕೆ ಹೋದರು, ನಾವೂ ಹೋದೆವು. ಊರಲ್ಲಿ ಮನೆಯವರು ಯಾರು ಅಂತ ಎಲ್ಲರಿಗೂ ಗೊತ್ತು. ಊರು ದಾಟಿ ಹುಬ್ಬಳ್ಳಿಯ ಯಾವುದೋ ಆಫೀಸಿನ ಕೌಂಟರ್ ಮುಂದೆ ನಿಂತರೆ ಯಾವ ಹುತಾತ್ಮನ ಮನೆಯವರೂ ಟೋಕನ್ ನಂಬರ್ ಅಷ್ಟೇ. ಪ್ಲೇಟ್ ಬೇಕು ಅನ್ನೋರ ಒಳಗಿರೋ ಸಂಕಟ ಇದೇ ಇರಬೇಕು: ಗುರುತು ಹೇಳಿಕೊಳ್ಳದೆಯೇ ಯಾರಾದರೂ ಗುರುತು ಹಿಡಿಯಲಿ ಅನ್ನೋದು.

ಗುರುತು ಹಿಡಿಯೋ ವಿಷಯದಲ್ಲಿ ನಮ್ಮ ನಿಯಮಗಳು ಹೇಗಿವೆ ನೋಡಿ. ರಾಷ್ಟ್ರೀಯ ಹೆದ್ದಾರಿಯ 2008ರ ಶುಲ್ಕ ನಿಯಮದಲ್ಲಿ ಪರಮವೀರ ಚಕ್ರದಿಂದ ಶೌರ್ಯ ಚಕ್ರದವರೆಗೆ ಪದಕ ಪಡೆದವರಿಗೆ ಟೋಲ್ ಇಲ್ಲ. ಷರತ್ತು ಒಂದೇ, ಪದಕ ಪಡೆದವರು ತಮ್ಮ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಮರಣೋತ್ತರವಾಗಿ ಪದಕ ಪಡೆದವನು ಟೋಲ್ ಗೇಟಿಗೆ ಬಂದು ಚೀಟಿ ತೋರಿಸೋದು ಹೇಗೆ? ಹನಮಂತಪ್ಪನವರಿಗೆ ಮರಣೋತ್ತರವಾಗಿ ಸಿಕ್ಕ ಸೇನಾ ಪದಕವಂತೂ ಆ ಪಟ್ಟಿಯಲ್ಲೇ ಇಲ್ಲ.

ಇನ್ನು ಸೈನಿಕರ ಹೆಸರು ಹೇಳಿಕೊಂಡು ಬಂದ ಒಂದೇ ವಿಶೇಷ ನಂಬರ್ ಅಂದರೆ 2021ರ ಬಿಎಚ್ ಸರಣಿ. ಅದರ ಅರ್ಹರ ಪಟ್ಟಿಯಲ್ಲಿ ರಕ್ಷಣಾ ಸಿಬ್ಬಂದಿ ಇದ್ದಾರೆ, ಸರ್ಕಾರಿ ನೌಕರರಿದ್ದಾರೆ, ನಾಲ್ಕು ರಾಜ್ಯಗಳಲ್ಲಿ ಆಫೀಸಿರೋ ಖಾಸಗಿ ಕಂಪನಿಯವರೂ ಇದ್ದಾರೆ. ಅಂದರೆ ಸಿಯಾಚಿನ್‌ಗೆ ಹೋಗುವವನೂ, ಪುಣೆಯ ಆಫೀಸಿಗೆ ಟ್ರಾನ್ಸ್‌ಫರ್ ಆಗೋ ನನ್ನಂಥವನೂ ಒಂದೇ ಸಾಲಲ್ಲಿ. ಅದು ವರ್ಗಾವಣೆಗೆ ಕೊಟ್ಟ ಸೌಲಭ್ಯ. ಸೇವೆಯ ಗೌರವಕ್ಕೂ ಅದಕ್ಕೂ ಸಂಬಂಧವಿಲ್ಲ.

ಹುತಾತ್ಮನ ಮನೆಗೂ ಆರ್‌ಟಿಓಗೂ ನಿಜವಾಗಿ ಬೀಳೋ ಗಂಟು ಬೇರೆಯೇ ಇದೆ, ಅದರ ಬಗ್ಗೆ ಯಾರೂ ಪೋಸ್ಟ್ ಹಾಕಲ್ಲ. ಗಾಡಿಯ ಮಾಲೀಕ ತೀರಿಕೊಂಡರೆ ಮನೆಯವರು 30 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರ್ಮ್ 31 ತುಂಬಿ, ಮರಣ ಪ್ರಮಾಣಪತ್ರ ಲಗತ್ತಿಸಿ ಹೆಸರು ಬದಲಿಸಬೇಕು. ಒಂದು ಉದಾಹರಣೆ ಇಟ್ಟುಕೊಳ್ಳಿ. ನವಲಗುಂದ ಕಡೆಯ ಹುಡುಗ ಪಠಾಣ್‌ಕೋಟ್‌ನಲ್ಲಿ ಪೋಸ್ಟಿಂಗ್ ಇದ್ದಾಗ ಅಲ್ಲೇ ಬೈಕ್ ಕೊಂಡಿದ್ದ. ಈಗ ಬೈಕ್ ರೈಲಿನಲ್ಲಿ ಊರಿಗೆ ಬಂದಿದೆ, ಹುಡುಗ ಇಲ್ಲ. ಹೆಸರು ಬದಲಾಗಬೇಕು, ಅಲ್ಲಿನ ಕಚೇರಿಯಿಂದ ಎನ್‌ಒಸಿ ಬರಬೇಕು, ಇಲ್ಲಿ ಮತ್ತೆ ನೋಂದಣಿಯಾಗಬೇಕು, ತೆರಿಗೆ ಕಟ್ಟಬೇಕು. ಮೊದಲ 30 ದಿನ ಅಂದರೆ ದಿನಕರ್ಮ ಮುಗಿದು ಮನೆಯವರು ಸರಿಯಾಗಿ ಊಟ ಮಾಡೋಕೆ ಶುರು ಮಾಡೋ ಹೊತ್ತು. ಆಗ ಅಪ್ಪ ಫಾರ್ಮ್ 31 ಹುಡುಕಬೇಕೇನು? 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಹಾಕಿಸೋ ಅವಕಾಶ ಬಂದಿದೆ, ಒಳ್ಳೆಯದೇ. ಆದರೆ ಇಪ್ಪತ್ತೆರಡರ ಹುಡುಗ ಬೈಕ್ ಕೊಳ್ಳುವಾಗ ತನ್ನ ಸಾವಿನ ಕಾಲಂ ತುಂಬುತ್ತಾನೆಯೇ? ತುಂಬಿದರೂ 30 ದಿನದ ಗಡುವು ನಾಮಿನಿಗೂ ತಪ್ಪಿದ್ದಲ್ಲ.

ದೇಶದ ಬಹುಪಾಲು ಗಾಡಿಗಳು ಇವತ್ತು 'ವಾಹನ್' ಡೇಟಾಬೇಸ್‌ನಲ್ಲಿವೆ. ನನ್ನ ಕಸುಬಿನವರಿಗೆ ಇದು ಶುಕ್ರವಾರ ಮಧ್ಯಾಹ್ನದ ಕೆಲಸ ಅನ್ನಿಸುತ್ತೆ: ಟೇಬಲ್ಲಿಗೆ ಒಂದು ಕಾಲಂ. ಸೈನ್ಯದ ದಾಖಲೆ ಕಚೇರಿ ಸಾವನ್ನು ದೃಢಪಡಿಸಿದ ದಿನವೇ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ ಆ ಕಾಲಂನಲ್ಲಿ ಒಂದು ಟಿಕ್ ಹಾಕಲಿ. ಟಿಕ್ ಬಿದ್ದ ಗಾಡಿಗೆ 30 ದಿನದ ಗಡುವು ಬೇಡ, ಎನ್‌ಒಸಿ ಬೇಡ, ಎರಡನೇ ಸಲ ತೆರಿಗೆ ಬೇಡ, ಹೊಸ ಆರ್‌ಸಿ ಅಂಚೆಯಲ್ಲಿ ಮನೆಗೆ ಬರಲಿ. (ಶುಕ್ರವಾರ ಮಧ್ಯಾಹ್ನದ ಕೆಲಸಗಳು ಮೂರು ವರ್ಷ ಹಿಡಿಯೋದು ನನಗೂ ಗೊತ್ತು. ಆದರೆ ಕಾನೂನು ತಿದ್ದಿ, ಬಣ್ಣ ಆರಿಸಿ, ಟೆಂಡರ್ ಕರೆದು ಹೊಸ ಪ್ಲೇಟ್ ಒತ್ತಿಸೋಕಿಂತ ಬೇಗ ಆಗುತ್ತೆ.) ಆ ಟಿಕ್ ಕೌಂಟರಿನ ಒಳಗಡೆ ಕೂತವನ ಸ್ಕ್ರೀನ್ ಮೇಲೆ ಮಾತ್ರ ಕಾಣಬೇಕು. ರೇಡಿಯಂ ಅಂಗಡಿಯವನಿಗೆ ಕತ್ತರಿಸೋಕೆ ಅಲ್ಲಿ ಏನೂ ಸಿಗಲ್ಲ.